ಬಿಗಿ ಮಾಡುವವರ ಹೊಣೆ

(ಹಿರಿಯರು ಬೆಂಗಳೂರಿನ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಬಹುಕಾಲ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ನಿವೃತ್ತರಾದವರು. ಕಿರಿಯಳು ಅವರ ತಂಗಿಯ ಮಗಳು. ಲಿನಕ್ಸ್ ವಿತರಣೆಯೊಂದಕ್ಕೆ ಪ್ಯಾಕೇಜುಗಳನ್ನು ಸಿದ್ಧಪಡಿಸುವುದು ಅವಳ ಕೆಲಸ. ಭಾನುವಾರ ಊಟವಾದ ಮೇಲೆ ಲ್ಯಾಪ್‌ಟಾಪಿನ ಮುಂದೆ ನಡೆದ ಮಾತು.)

ಹಿರಿಯರು: ಇಲ್ಲಿ ಬಾಮ್ಮ, ಇದನ್ನು ನೋಡು. ಈ ಪ್ರೋಗ್ರಾಂ ನಾನು 1991ರಲ್ಲಿ ಬರೆದದ್ದು. ಅಲ್ಲಿಂದ ಇಲ್ಲಿಗೆ ಯಂತ್ರಗಳು ಬದಲಾದವು, ಕಂಪೈಲರುಗಳು ಬದಲಾದವು, ಇದು ಮಾತ್ರ ಹೆಚ್ಚುಕಡಿಮೆ ಹಾಗೇ ಕಂಪೈಲ್ ಆಗುತ್ತಾ ಬಂತು. ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ಹೊಸ ಯಂತ್ರಕ್ಕೆ ಹಾಕಿದರೆ ಪರದೆ ತುಂಬಾ ಎರರ್ ಅಂತೆ. ಇಲ್ಲಿ ಹಾಕಿ ನೋಡಿದೆ, ನನಗೂ ಅದೇ. ಕೋಡಿನಲ್ಲಿ ನಾನು ಒಂದಕ್ಷರ ಮುಟ್ಟಿಲ್ಲ. ಮತ್ತೆ ತಪ್ಪು ಯಾರದು?

ಕಿರಿಯಳು: ಜಿಸಿಸಿ ಕಂಪೈಲರ್ ಯಾವ ಆವೃತ್ತಿ ಮಾವ?

ಹಿರಿಯರು: 14.

ಕಿರಿಯಳು: ಹಾಗಾದರೆ ಕಾರಣ ಗೊತ್ತು. 2024ರ ಮೇ ತಿಂಗಳಲ್ಲಿ ಬಂದ ಆವೃತ್ತಿ ಅದು. ಅಲ್ಲಿಯವರೆಗೆ ಬರೀ ವಾರ್ನಿಂಗ್ ಕೊಟ್ಟು ಬಿಡುತ್ತಿದ್ದ ಕೆಲವು ತಪ್ಪುಗಳನ್ನು ಅದು ಎರರ್ ಎಂದೇ ತಡೆಯುತ್ತದೆ. ಮೊದಲನೆಯದು, ಡಿಕ್ಲೇರ್ ಮಾಡದ ಫಂಕ್ಷನನ್ನು ಕರೆಯುವುದು. ಎರಡನೆಯದು, ಟೈಪ್ ಬರೆಯದೆ ಬಿಟ್ಟು ಅದು ಇಂಟ್ ಎಂದು ನಂಬಿಕೊಳ್ಳುವುದು. ಆಮೇಲೆ ಪಾಯಿಂಟರ್ ಇರಬೇಕಾದ ಕಡೆ ಇಂಟ್ ಇಡುವುದು, ಒಂದು ಬಗೆಯ ಪಾಯಿಂಟರಿನ ಜಾಗದಲ್ಲಿ ಹೊಂದದ ಇನ್ನೊಂದನ್ನು ಇಡುವುದು. ನಿಮ್ಮ ಫೈಲಿನಲ್ಲಿ ಮೊದಲನೆಯದೇ ಹೆಚ್ಚು.

ಹಿರಿಯರು: ಅವನ್ನು ನೀನು ತಪ್ಪು ಅನ್ನುತ್ತೀಯ. ನಾವು ಕಲಿತಾಗ ಅದು ಭಾಷೆಯ ನಿಯಮವೇ ಆಗಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮಾಡಿದ ಬಿ ಭಾಷೆಯಲ್ಲಿ ಟೈಪ್ ಎಂಬುದೇ ಇರಲಿಲ್ಲ, ಎಲ್ಲವೂ ಯಂತ್ರದ ಒಂದು ವರ್ಡ್. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಅದರಿಂದ ಸಿ ಬೆಳೆಸಿದಾಗ ಹಳೆಯ ಅಭ್ಯಾಸ ಉಳಿಯಿತು. ಏನೂ ಹೇಳದಿದ್ದರೆ ಅದು ಇಂಟ್. ಪಿಡಿಪಿ-11ರಲ್ಲಿ ಇಂಟ್ 16 ಬಿಟ್, ವಿಳಾಸವೂ 16 ಬಿಟ್. ಒಂದರ ಪಾತ್ರೆಗೆ ಇನ್ನೊಂದನ್ನು ಸುರಿದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಕಂಪೈಲರ್ ಚಿಕ್ಕದಾಗಿರಬೇಕಿತ್ತು, ಮೆಮೊರಿ ಅಷ್ಟು ಕಡಿಮೆ. ತಪ್ಪು ಹುಡುಕುವುದಕ್ಕೆ ಸ್ಟೀಫನ್ ಜಾನ್ಸನ್ ಲಿಂಟ್ ಎಂಬ ಬೇರೆಯದೇ ಪ್ರೋಗ್ರಾಂ ಬರೆದರು. ಕಂಪೈಲರ್ ಹೇಳಿದ್ದನ್ನು ಮಾಡಬೇಕು, ಲಿಂಟ್ ಬುದ್ಧಿ ಹೇಳಬೇಕು. ಹಾಗೆ ಕೆಲಸ ಹಂಚಿಕೆಯಾಗಿತ್ತು.

ಕಿರಿಯಳು: ಆ ನಿಯಮ ಹೋಗಿದ್ದು ಯಾವಾಗ ಎಂದು ನೆನಪಿದೆಯಾ?

ಹಿರಿಯರು: ಸಿ99 ಬಂದಾಗ.

ಕಿರಿಯಳು: ಹೌದು, 1999ರಲ್ಲಿ. ಭಾಷೆಯ ಮಾನಕ ಅದನ್ನು ತೆಗೆದುಹಾಕಿತು. ಜಿಸಿಸಿ ಆಮೇಲೂ ವರ್ಷಗಟ್ಟಲೆ 89ರ ಸಿ ಭಾಷೆಯನ್ನೇ ತನ್ನ ರೂಢಿಯಾಗಿ ಇಟ್ಟುಕೊಂಡಿತ್ತು. 2015ರಲ್ಲಿ 5ನೇ ಆವೃತ್ತಿ ಬಂದಾಗ ರೂಢಿಯನ್ನು ಸಿ11ಕ್ಕೆ ಬದಲಿಸಿತು, ಆಗಿನಿಂದ ಕೇಳದೆಯೇ ವಾರ್ನಿಂಗ್ ಕೊಡತೊಡಗಿತು. ಎರರ್ ಆಗಿದ್ದು 2024ರಲ್ಲಿ. ಮಾನಕ ಬೇಡ ಎಂದು 25 ವರ್ಷ ಆದ ಮೇಲೆ. ಇದನ್ನು ಅವಸರ ಅನ್ನಲಾಗದು ಮಾವ.

ಹಿರಿಯರು: ಇಪ್ಪತ್ತೈದು ವರ್ಷ ಬಿಟ್ಟುಕೊಂಡು ಬಂದದ್ದೇ ನನ್ನ ವಾದಕ್ಕೆ ಬಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? 1999ರಲ್ಲೇ ತಡೆದಿದ್ದರೆ ಬರೆದವರೆಲ್ಲ ಕೆಲಸದಲ್ಲಿದ್ದರು, ತಿದ್ದುತ್ತಿದ್ದರು. ಈಗ ಬರೆದವರಲ್ಲಿ ಕೆಲವರು ನನ್ನ ಹಾಗೆ ಮನೆಯಲ್ಲಿದ್ದಾರೆ, ಕೆಲವರು ಇಲ್ಲವೇ ಇಲ್ಲ. ತಡೆದಿರುವುದು ಬರೆದವರನ್ನಲ್ಲ, ಅದನ್ನು ಬಳಸುತ್ತಿರುವವರನ್ನು. ನನ್ನ ಸಹೋದ್ಯೋಗಿಗೆ ಸಿ ಅಷ್ಟಾಗಿ ಗೊತ್ತಿಲ್ಲ. ಅವರಿಗೆ ಬೇಕಾದದ್ದು ಅಳತೆ.

ಕಿರಿಯಳು: ಆ ಅಳತೆಯ ವಿಷಯಕ್ಕೇ ಬರುತ್ತೇನೆ. ಈ ಪ್ರೋಗ್ರಾಂ 64 ಬಿಟ್ ಯಂತ್ರಕ್ಕೆ ಹೋದಾಗ ಏನೂ ತೊಂದರೆ ಕೊಡಲಿಲ್ಲವೇ?

ಹಿರಿಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಕೊಟ್ಟಿತ್ತು. ನಿನಗೆ ಹೇಳಿಬಿಡುತ್ತೇನೆ. ಕ್ಯಾಲಿಬ್ರೇಷನ್ ಪಟ್ಟಿಯನ್ನು ಓದಿ, ಮೆಮೊರಿಯಲ್ಲಿಟ್ಟು, ಅದರ ವಿಳಾಸ ಕೊಡುವ ಒಂದು ಫಂಕ್ಷನ್ ಇತ್ತು. ಅದು ಬೇರೆ ಫೈಲಿನಲ್ಲಿತ್ತು. ಈ ಫೈಲಿನಲ್ಲಿ ಅದನ್ನು ಡಿಕ್ಲೇರ್ ಮಾಡಿರಲಿಲ್ಲ. 64 ಬಿಟ್ ಯಂತ್ರದಲ್ಲಿ ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯಿತು. ಒಂದು ದಿನ ಹೊಸ ಉಪಕರಣದ ದೊಡ್ಡ ಪಟ್ಟಿ ಬಂತು. ಓದಿದ ತಕ್ಷಣ ಪ್ರೋಗ್ರಾಂ ಬಿದ್ದುಹೋಯಿತು. ಚಿಕ್ಕ ಪಟ್ಟಿ ಕೊಟ್ಟರೆ ನಡೆಯುತ್ತದೆ, ದೊಡ್ಡದು ಕೊಟ್ಟರೆ ಬೀಳುತ್ತದೆ. ಪಟ್ಟಿಯಲ್ಲೇ ದೋಷ ಅಂದುಕೊಂಡು ನಾವು ಸಾಲು ಸಾಲಾಗಿ ಪಟ್ಟಿ ಪರೀಕ್ಷಿಸಿದೆವು. ಎರಡು ವಾರ ಹೋಯಿತು.

ಕಿರಿಯಳು: ಡಿಕ್ಲೇರ್ ಮಾಡಿರಲಿಲ್ಲವಾದ್ದರಿಂದ ಕಂಪೈಲರ್ ಅದು ಇಂಟ್ ಕೊಡುತ್ತದೆ ಎಂದುಕೊಂಡಿತು. ವಿಳಾಸ 64 ಬಿಟ್, ಇಂಟ್ 32 ಬಿಟ್. ಮೇಲಿನ ಅರ್ಧವನ್ನು ಕತ್ತರಿಸಿ ಎಸೆಯಿತು. ಚಿಕ್ಕ ತುಂಡು ಮೆಮೊರಿ ಕೇಳಿದರೆ ಆಗಿನ ಲಿನಕ್ಸ್‌ನಲ್ಲಿ ಪ್ರೋಗ್ರಾಮಿನ ಪಕ್ಕದಲ್ಲೇ, ಕೆಳಗಿನ ವಿಳಾಸದಲ್ಲಿ ಸಿಗುತ್ತಿತ್ತು. ಮೇಲಿನ ಅರ್ಧವೆಲ್ಲ ಸೊನ್ನೆ, ಆದ್ದರಿಂದ ಕತ್ತರಿಸಿದರೂ ಏನೂ ಹೋಗುತ್ತಿರಲಿಲ್ಲ. 128 ಕಿಲೋಬೈಟಿಗಿಂತ ದೊಡ್ಡ ತುಂಡು ಕೇಳಿದರೆ ಸಿ ಲೈಬ್ರರಿ ಸಾಮಾನ್ಯವಾಗಿ ಅದನ್ನು ಬೇರೆ ಕಡೆಯಿಂದ, ತುಂಬಾ ಮೇಲಿನ ವಿಳಾಸದಿಂದ ತರುತ್ತದೆ. ಅಲ್ಲಿ ಕತ್ತರಿ ಬಿತ್ತು.

ಹಿರಿಯರು: ಸರಿಯಾಗಿ ಹೇಳಿದೆ. ಕೊನೆಗೆ ಒಂದು ಸಾಲು ಸೇರಿಸಿದ್ದಕ್ಕೆ ಸರಿಹೋಯಿತು.

ಕಿರಿಯಳು: ಕಂಪೈಲರ್ ಆಗ ವಾರ್ನಿಂಗ್ ಕೊಟ್ಟಿತ್ತೇ?

ಹಿರಿಯರು: ಕೊಟ್ಟಿತ್ತು. ಇನ್ನೂರು ವಾರ್ನಿಂಗುಗಳ ನಡುವೆ ಅದೂ ಒಂದು. ಉಳಿದವೆಲ್ಲ ಯಾವ ತೊಂದರೆಯನ್ನೂ ಕೊಡದಂಥವು. ದಿನಾ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿತ್ತು.

ಕಿರಿಯಳು: ಅದಕ್ಕೇ ನಾನು ಬಿಗಿ ಬೇಕು ಎನ್ನುವುದು. ವಿಳಾಸವನ್ನೇ ಕತ್ತರಿಸುವ ತಪ್ಪಿಗೂ ಬಳಸದೆ ಬಿಟ್ಟ ವೇರಿಯಬಲ್ಲಿಗೂ ಒಂದೇ ದನಿಯಲ್ಲಿ ವಾರ್ನಿಂಗ್ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಳೆಯ ಕೋಡಿಗೆ ಕಂಪೈಲರ್ ದಯೆ ತೋರಿಸುತ್ತಿತ್ತು ಅಂದುಕೊಳ್ಳುತ್ತೇವೆ. ನಿಮ್ಮ ಎರಡು ವಾರ ಹೋದದ್ದು ಆ ದಯೆಯಿಂದಲೇ.

ಹಿರಿಯರು: ಆ ಮಾತು ಒಪ್ಪಿದೆ. ಆದರೆ ನನ್ನ ಕೆಲಸದ ಕಡೆಯಿಂದಲೂ ನೋಡು. ಪರೀಕ್ಷಾ ಬೆಂಚಿನ ಪ್ರೋಗ್ರಾಂ ಒಮ್ಮೆ ಒಪ್ಪಿತವಾದ ಮೇಲೆ ಅದರಲ್ಲಿ ಒಂದಕ್ಷರ ತಿದ್ದಿದರೂ ಎಲ್ಲಾ ಅಳತೆಗಳನ್ನೂ ಮತ್ತೆ ತಾಳೆ ನೋಡಬೇಕು. ನಮ್ಮಲ್ಲಿ ಅದು ವಾರಗಳ ಕೆಲಸ. ಇನ್ನಾರೋ ಎಲ್ಲೋ ಕುಳಿತು ಕಂಪೈಲರನ್ನು ಬಿಗಿ ಮಾಡಿದ್ದಕ್ಕೆ ನಾವು ಇಲ್ಲಿ ಆ ಕೆಲಸವನ್ನೆಲ್ಲ ಮಾಡಬೇಕು.

ಕಿರಿಯಳು: ತಿದ್ದದೆಯೇ ಹೊಸ ಕಂಪೈಲರಿಗೆ ಕೊಟ್ಟರೆ ತಾಳೆ ನೋಡಬೇಕಿಲ್ಲವೇ?

ಹಿರಿಯರು: ಅಂದರೆ?

ಕಿರಿಯಳು: ಯಂತ್ರ ನಡೆಸುವುದು ನೀವು ಬರೆದ ಸಾಲುಗಳನ್ನಲ್ಲ, ಕಂಪೈಲರ್ ಅವುಗಳಿಂದ ಮಾಡಿಕೊಟ್ಟದ್ದನ್ನು. ಕಂಪೈಲರ್ ಬದಲಾದರೆ ಪ್ರೋಗ್ರಾಮೂ ಬದಲಾದಂತೆಯೇ. ನಿಜವಾಗಿ ಏನೂ ಬದಲಾಗಬಾರದು ಎಂದರೆ ಹಳೆಯ ಕಂಪೈಲರನ್ನೂ ಅದೇ ಕಪಾಟಿನಲ್ಲಿಟ್ಟು ಕಾಪಾಡಬೇಕು. ಹಾಗೆ ಮಾಡುವ ಕಡೆಗಳೂ ಇವೆ, ಅದು ಪ್ರಾಮಾಣಿಕ ದಾರಿ. ಹೊಸ ಕಂಪೈಲರ್ ಬೇಕು, ಆದರೆ ಹಳೆಯದರ ಹಾಗೇ ಇರಬೇಕು ಎಂದರೆ ತಾಳೆ ನೋಡುವ ಕೆಲಸ ತಪ್ಪುವುದಿಲ್ಲ, ತಪ್ಪಿತು ಎಂಬ ಭ್ರಮೆ ಮಾತ್ರ ಸಿಗುತ್ತದೆ.

ಹಿರಿಯರು: (ತಲೆದೂಗುತ್ತಾ) ಅದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಸರಿ. ಹಾಗಾದರೆ ನಿನ್ನ ಮಾತಿನ ಪ್ರಕಾರ ಬಿಗಿ ಮಾಡಿದಷ್ಟೂ ಒಳ್ಳೆಯದು.

ಕಿರಿಯಳು: ಇಲ್ಲ ಮಾವ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಪ್ಯಾಕೇಜುಗಳ ಕೆಲಸಕ್ಕೆ ಬಂದ ಮೇಲೆ ಆ ನಂಬಿಕೆ ಅಲುಗಿತು. ಕಾನ್ಫಿಗರ್ ಸ್ಕ್ರಿಪ್ಟ್ ಗೊತ್ತಲ್ಲ?

ಹಿರಿಯರು: ಗೊತ್ತಿಲ್ಲದೆ ಏನು! ಬಿಲ್ಡ್ ಮಾಡುವ ಮೊದಲು ಓಡಿಸುತ್ತೇವಲ್ಲ, "ಇದು ಇದೆಯೇ, ಹೌದು. ಅದು ಇದೆಯೇ, ಇಲ್ಲ" ಎಂದು ಉದ್ದಕ್ಕೆ ಹೇಳಿಕೊಂಡು ಹೋಗುತ್ತದೆ.

ಕಿರಿಯಳು: ಅದು ಹೇಗೆ ತಿಳಿದುಕೊಳ್ಳುತ್ತದೆ? ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಆ ನಾಲ್ಕು ಸಾಲುಗಳನ್ನು ಹಳೆಯ ಕಾಲದವರೇ ಬರೆದಿರುತ್ತಾರೆ. ಎಷ್ಟೋ ಕಡೆ ಮೇನ್ ಹಿಂದೆ ಇಂಟ್ ಇಲ್ಲ. ಹೆಡರ್ ಹಾಕದೆಯೇ ಎಕ್ಸಿಟ್ ಕರೆದಿರುತ್ತಾರೆ. ಬಿಗಿಯಾದ ಕಂಪೈಲರ್ ಅದನ್ನು ತಿರಸ್ಕರಿಸುತ್ತದೆ. ಆಗ ಸ್ಕ್ರಿಪ್ಟ್ ಏನು ತೀರ್ಮಾನಿಸುತ್ತದೆ?

ಹಿರಿಯರು: ಆ ಸೌಲಭ್ಯವೇ ಇಲ್ಲ ಎಂದು!

ಕಿರಿಯಳು: ಹೌದು. ಎರರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಲ್ಡ್ ಸರಾಗವಾಗಿ ಮುಗಿಯುತ್ತದೆ. ಪ್ಯಾಕೇಜ್ ಜನರಿಗೆ ಹೋಗುತ್ತದೆ. ಯಂತ್ರದಲ್ಲಿರುವ ಸೌಲಭ್ಯವನ್ನು ಪ್ರೋಗ್ರಾಂ ಇಲ್ಲ ಅಂದುಕೊಂಡು ಬಳಸುವುದನ್ನೇ ಬಿಟ್ಟಿರುತ್ತದೆ. ಮೌನ ಮುರಿಯಬೇಕೆಂದು ಬಿಗಿ ಮಾಡಿದರೆ ಹೊಸ ಮೌನವೊಂದು ಹುಟ್ಟಿತು. 2020ರಲ್ಲಿ ಆಪಲ್‌ನ ಎಕ್ಸ್‌ಕೋಡ್ 12 ಡಿಕ್ಲೇರ್ ಮಾಡದ ಫಂಕ್ಷನ್ ಕರೆಯನ್ನು ಎರರ್ ಮಾಡಿದಾಗ ಇದೇ ಆಯಿತು. ಕ್ಲಾಂಗ್ ಕಂಪೈಲರಿನವರು 15ನೇ ಆವೃತ್ತಿಗೆ ಇದನ್ನು ತರಬೇಕೆಂದಿದ್ದವರು ಹಿಂದೆ ಸರಿದು, 2023ರ 16ನೇ ಆವೃತ್ತಿಗೆ ತಂದರು.

ಹಿರಿಯರು: ಮತ್ತೆ ಜಿಸಿಸಿಯವರು ಹೇಗೆ ಧೈರ್ಯ ಮಾಡಿದರು?

ಕಿರಿಯಳು: ಅದಕ್ಕೆ ಮೊದಲೇ ಕೆಲಸ ಶುರುವಾಗಿತ್ತು. ಫೆಡೋರಾ ವಿತರಣೆಯಲ್ಲಿ ಫ್ಲೋರಿಯನ್ ವೈಮರ್ ಮುಂದೆ ನಿಂತರು, ಜೆಂಟೂ ವಿತರಣೆಯ ಕಡೆಯವರೂ ಕೈಜೋಡಿಸಿದರು. ಕಂಪೈಲರನ್ನೇ ಸ್ವಲ್ಪ ಬದಲಿಸಿ, ಇಂಥ ತಪ್ಪು ಕಂಡ ಕಡೆಯೆಲ್ಲ ಗುರುತು ಹಾಕಿಡುವ ಹಾಗೆ ಮಾಡಿದರು. ಅದರಿಂದ ವಿತರಣೆಯ ಪ್ಯಾಕೇಜುಗಳನ್ನು ಕಟ್ಟಿ ನೋಡಿದರು. ಕಾನ್ಫಿಗರ್ ಸ್ಕ್ರಿಪ್ಟಿನ ಹೊಟ್ಟೆಯೊಳಗಿನ ತಪ್ಪೂ ಆಗ ಸಿಕ್ಕಿತು. ಸಿಕ್ಕಿದ್ದನ್ನು ತಿದ್ದಿ, ಆ ತಿದ್ದುಪಡಿಯನ್ನು ಮೂಲ ಬರೆದವರಿಗೆ ಕಳಿಸಿದರು. ಬರೆದವರು ಇಲ್ಲದ ಕಡೆ ಪ್ಯಾಕೇಜಿನಲ್ಲೇ ಇಟ್ಟರು. ತಿದ್ದಲಾಗದ್ದಕ್ಕೆ "ಇದು 89ರ ಸಿ" ಎಂಬ ಗುರುತು ಹಾಕಿದರು. ಇಷ್ಟೆಲ್ಲ ಕೆಲಸ ಸಾಗಿದ ಮೇಲೆ ಕಂಪೈಲರ್ ಬಿಗಿಯಾಯಿತು.

ಹಿರಿಯರು: ಇದನ್ನು ಮೊದಲೇ ಹೇಳಬಾರದಿತ್ತೇ! ಬಿಗಿ ಮಾಡಿದವರೇ ಹೊರೆಯಲ್ಲಿ ಪಾಲು ತೆಗೆದುಕೊಂಡರು ಎಂದಾದರೆ ನನ್ನ ಅರ್ಧ ಕೋಪ ಇಳಿಯಿತು. ನನಗೆ ನೋವಾಗಿದ್ದು ಎರರ್ ಬಂದದ್ದಕ್ಕಲ್ಲಮ್ಮ. ಹಳೆಯ ಕೋಡನ್ನು ಯಾರೂ ನೋಡುವವರಿಲ್ಲ, ಕಸದ ಹಾಗೆ ಗುಡಿಸಿಬಿಟ್ಟರು ಅಂದುಕೊಂಡಿದ್ದೆ.

ಕಿರಿಯಳು: ಗುಡಿಸಲಿಲ್ಲ ಮಾವ. ಸಾವಿರಾರು ಪ್ಯಾಕೇಜುಗಳನ್ನು ಜರಡಿ ಹಿಡಿದು ನೋಡಿದ್ದಾರೆ. ಆದರೆ ನಿಮ್ಮ ಉಳಿದ ಅರ್ಧ ಕೋಪ ಸುಳ್ಳಲ್ಲ. ನಿಮ್ಮ ಫೈಲು ಯಾವ ಪ್ಯಾಕೇಜಿನಲ್ಲೂ ಇಲ್ಲ. ಕಾರ್ಖಾನೆಯಲ್ಲಿ, ಪ್ರಯೋಗಾಲಯದಲ್ಲಿ, ಯಾರದೋ ಮೇಜಿನ ಕೆಳಗಿನ ಯಂತ್ರದಲ್ಲಿ ಇರುವ ಕೋಡು ಅವರ ಕೈಗೆ ಸಿಗುವುದೇ ಇಲ್ಲ. ಅಂಥದ್ದಕ್ಕೆ ಅವರು ಕೊಡಬಹುದಾದದ್ದು ಎರಡೇ: ಸಾಕಷ್ಟು ಮುಂಚೆ ಸೂಚನೆ, ಮತ್ತು ತೆರೆದ ಬಾಗಿಲು.

ಹಿರಿಯರು: ಬಾಗಿಲು ಇದೆಯೇ?

ಕಿರಿಯಳು: ಇದೆ. ಎಫ್‌ಪರ್ಮಿಸಿವ್ ಎಂಬ ಸ್ವಿಚ್ ಕೊಟ್ಟರೆ ಈ ಎರರುಗಳು ಮತ್ತೆ ವಾರ್ನಿಂಗ್ ಆಗುತ್ತವೆ. ಭಾಷೆ 89ರದು ಎಂದು ಹೇಳಿದರೆ, ಡಿಕ್ಲೇರ್ ಮಾಡದ ಫಂಕ್ಷನನ್ನೂ ಟೈಪ್ ಇಲ್ಲದ ಇಂಟನ್ನೂ ಆ ಕಾಲದ ನಿಯಮದಂತೆ ಒಪ್ಪಿಕೊಳ್ಳುತ್ತದೆ.

ಹಿರಿಯರು: ಹಾಗಿದ್ದರೆ ಇನ್ನೊಂದು ಪ್ರಶ್ನೆ. ಇನ್ನೊಂದು ಫೈಲಿನಲ್ಲಿ ನಾನು ಬೂಲ್ ಎಂಬ ಹೆಸರಿಗೆ ನಾನೇ ಟೈಪ್‌ಡೆಫ್ ಬರೆದುಕೊಂಡಿದ್ದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಭಾಷೆಯಲ್ಲಿ ಅದು ಇರಲಿಲ್ಲವಲ್ಲ. 14ರಲ್ಲಿ ಅದು ಸರಿಹೋಗುತ್ತದೆ. 15ರಲ್ಲಿ ಎರರ್ ಎಂದು ಕೇಳಿದೆ. ಅಲ್ಲಿ ನನ್ನ ತಪ್ಪೇನು?

ಕಿರಿಯಳು: ಏನೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಜಿಸಿಸಿ 15 ಸಿ23 ಅನ್ನು ರೂಢಿ ಮಾಡಿಕೊಂಡಿತು. ಅದರಲ್ಲಿ ಬೂಲ್ ಭಾಷೆಯದೇ ಪದ. ಖಾಲಿ ಆವರಣದ ಅರ್ಥವೂ ಬದಲಾಯಿತು. ಮೊದಲು ಡಿಕ್ಲರೇಷನ್ನಿನಲ್ಲಿ ಅದಕ್ಕೆ "ಆರ್ಗ್ಯುಮೆಂಟ್ ಏನೆಂದು ಹೇಳಿಲ್ಲ" ಎಂಬ ಅರ್ಥ ಇತ್ತು, ಈಗ "ಆರ್ಗ್ಯುಮೆಂಟ್ ಇಲ್ಲ" ಎಂಬ ಅರ್ಥ. ಪಟ್ಟಿಯ ವಿಳಾಸ ಕತ್ತರಿಸಿದ್ದು ಒಂದು ಬಗೆ, ಇದು ಇನ್ನೊಂದು ಬಗೆ. ಅಲ್ಲಿ ದೋಷ ಒಳಗೇ ಇತ್ತು, ಕಂಪೈಲರ್ ಎತ್ತಿ ತೋರಿಸಿತು. ಇಲ್ಲಿ ಸರಿಯಾಗಿ ಬರೆದ ಮಾತಿನ ಅರ್ಥವನ್ನೇ ಭಾಷೆ ಆಮೇಲೆ ಬದಲಿಸಿತು. ಎರಡನ್ನೂ "ಹಳೆಯ ಕೋಡಿನ ಕೊಳೆ" ಎಂದು ಒಂದೇ ಗಂಟಿಗೆ ಕಟ್ಟುವುದು ಅನ್ಯಾಯ.

ಹಿರಿಯರು: ಆ ಎರಡನೆಯ ಬಗೆಗೆ ಏನು ಮಾಡಬೇಕು ಎನ್ನುತ್ತೀಯ?

ಕಿರಿಯಳು: ಕೋಡು ತನ್ನ ವರ್ಷವನ್ನು ತಾನೇ ಹೇಳಬೇಕು. ರಸ್ಟ್ ಭಾಷೆಯಲ್ಲಿ ಅದನ್ನು ಎಡಿಷನ್ ಎನ್ನುತ್ತಾರೆ: 2015, 2018, 2021, 2024. ಪ್ರತಿಯೊಂದು ಪ್ಯಾಕೇಜ್ ತಾನು ಯಾವ ಎಡಿಷನ್ನಿನದು ಎಂದು ಬರೆದಿರುತ್ತದೆ. 2015ರದೂ 2024ರದೂ ಒಂದೇ ಪ್ರೋಗ್ರಾಮಿನಲ್ಲಿ ಜೊತೆಯಾಗಿ ನಡೆಯುತ್ತವೆ, ಒಂದೊಂದಕ್ಕೂ ಅದರದರ ನಿಯಮ. ಗೋ ಭಾಷೆಯಲ್ಲಿ ಲೂಪ್ ವೇರಿಯಬಲ್ಲಿನ ಅರ್ಥವನ್ನು 2024ರ ಫೆಬ್ರವರಿಯಲ್ಲಿ, 1.22ನೇ ಆವೃತ್ತಿಯಲ್ಲಿ ಬದಲಿಸಿದರು. ಹೊಸ ಅರ್ಥ ಅನ್ವಯಿಸಿದ್ದು ತಾನು 1.22 ಅಥವಾ ಅದಕ್ಕಿಂತ ಹೊಸದಕ್ಕೆ ಸೇರಿದ್ದು ಎಂದು ಬರೆದುಕೊಂಡ ಕೋಡಿಗೆ ಮಾತ್ರ. ಹಳೆಯದು ಹಳೆಯ ಅರ್ಥದಲ್ಲೇ ಉಳಿಯಿತು.

ಹಿರಿಯರು: ಸಿಯಲ್ಲಿ ಆ ವರ್ಷ ಕೋಡಿನೊಳಗೆ ಇಲ್ಲ. ಕಂಪೈಲ್ ಮಾಡುವವನ ಬಾಯಲ್ಲಿದೆ.

ಕಿರಿಯಳು: ಅದೇ ಸಿಯ ಕೊರತೆ. ಮೇಕ್‌ಫೈಲಿನಲ್ಲಿ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೆಯದೆ ಬಿಟ್ಟರೆ ಆ ದಿನದ ಕಂಪೈಲರಿನ ರೂಢಿಯೇ ಅದರ ವರ್ಷ.

ಹಿರಿಯರು: ನಮ್ಮ ಹಳೆಯ ಕನ್ನಡ ಫೈಲುಗಳ ಕಥೆಯೂ ಇದೇ ಅಲ್ಲವೇ? ಯೂನಿಕೋಡ್‌ಗೆ ಮೊದಲು ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟೆವು. ಇಂಗ್ಲಿಷ್ ಅಕ್ಷರದ ಸ್ಥಾನಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು ಅವು. ಆ ಬರಹವನ್ನು ಸಾದಾ ಟೆಕ್ಸ್ಟ್ ಆಗಿ ಉಳಿಸಿದರೆ ಯಾವ ಫಾಂಟಿನದು ಎಂಬ ಗುರುತೇ ಇರುವುದಿಲ್ಲ. ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಬರೆದವನ ತಪ್ಪು ಏನೂ ಇಲ್ಲ, ಯಾವ ಒಪ್ಪಂದದಲ್ಲಿ ಬರೆದೆ ಎಂದು ಬರೆದಿಡಲಿಲ್ಲ, ಅಷ್ಟೇ.

ಕಿರಿಯಳು: ಹೌದು ಮಾವ, ಅದೇ ವಿಷಯ. ಯಾವ ಫಾಂಟಿನದು ಎಂದು ಗೊತ್ತಿದ್ದರೆ ಪರಿವರ್ತಿಸುವುದು ಸುಲಭ. ಗೊತ್ತಿಲ್ಲದಿದ್ದರೆ ಊಹೆ. ಊಹಿಸುವ ಕೆಲಸವನ್ನು ಕಂಪೈಲರಿಗೆ ಬಿಡಬಾರದು.

ಹಿರಿಯರು: ಹಾಗಾದರೆ ತಪ್ಪನ್ನು ತೋರಿಸುವ ಬಿಗಿ, ಅರ್ಥ ಬದಲಿಸುವ ಬಿಗಿ. ಎರಡೇ ಬಗೆಯೇ?

ಕಿರಿಯಳು: ಮೂರನೆಯದೂ ಒಂದಿದೆ. ನನಗೆ ಭಯ ಹುಟ್ಟಿಸುವುದು ಅದು. ಎರರೂ ಕೊಡುವುದಿಲ್ಲ, ವಾರ್ನಿಂಗೂ ಕೊಡುವುದಿಲ್ಲ. ಭಾಷೆಯ ಯಾವ ನಿಯಮವನ್ನೂ ಕೋಡು ಮುರಿದಿರುವುದಿಲ್ಲ ಎಂಬುದನ್ನೇ ಆಧಾರ ಮಾಡಿಕೊಂಡು ಆಪ್ಟಿಮೈಸರ್ ಕೋಡನ್ನು ಕಿತ್ತುಹಾಕುತ್ತದೆ. 2009ರಲ್ಲಿ ಲಿನಕ್ಸ್ ಕರ್ನಲ್ಲಿನ ಟನ್ ಡ್ರೈವರಿನಲ್ಲಿ ಆದದ್ದು ಹೀಗೆ. ಒಂದು ಪಾಯಿಂಟರಿನ ಮೂಲಕ ಮೊದಲು ಮೆಮೊರಿ ಓದಿ, ಆಮೇಲೆ ಆ ಪಾಯಿಂಟರ್ ಸೊನ್ನೆಯೇ ಎಂದು ಪರೀಕ್ಷಿಸಿದ್ದರು. ಕ್ರಮ ತಪ್ಪಾಗಿತ್ತು, ನಿಜ. ಆದರೆ ಕಂಪೈಲರ್ ಯೋಚಿಸಿದ್ದು ಬೇರೆ ರೀತಿ. "ಆಗಲೇ ಓದಿಯಾಗಿದೆ, ಅಂದಮೇಲೆ ಇದು ಸೊನ್ನೆ ಆಗಿರಲಾರದು, ಪರೀಕ್ಷೆ ಬೇಕಿಲ್ಲ" ಎಂದು ಪರೀಕ್ಷೆಯನ್ನೇ ತೆಗೆದುಬಿಟ್ಟಿತು. ದಾಳಿ ಮಾಡುವವರಿಗೆ ದಾರಿಯಾಯಿತು. ಆಮೇಲೆ ಕರ್ನಲ್ಲಿನವರು ಹಾಗೆ ಪರೀಕ್ಷೆ ಅಳಿಸಬಾರದು ಎಂದು ಹೇಳುವ ಸ್ವಿಚ್ ಸೇರಿಸಿಕೊಂಡರು.

ಹಿರಿಯರು: ಕಾವಲುಗಾರ ತಡವಾಗಿ ಬಂದ ಎಂದು ಕಾವಲನ್ನೇ ತೆಗೆದ ಹಾಗಾಯಿತು.

ಕಿರಿಯಳು: ಅದೂ ಯಾರಿಗೂ ಹೇಳದೆ. ಎರರ್ ಕೊಟ್ಟು ನಿಲ್ಲಿಸುವ ಕಂಪೈಲರಿಗಿಂತ ಇದು ನೂರು ಪಾಲು ಕಠಿಣ. ನಮ್ಮವರು ಎರರಿಗೆ ಸಿಟ್ಟಾಗುತ್ತಾರೆ, ಇದರ ಬಗ್ಗೆ ಮಾತೇ ಆಡುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನನ್ನ ಮಾತು ಇಷ್ಟು. ಅಪಾಯದ ತಪ್ಪನ್ನು ಕಂಪೈಲರ್ ಜೋರಾಗಿ ಹೇಳಿ ತಡೆಯಲಿ. ಅರ್ಥ ಬದಲಿಸುವುದಿದ್ದರೆ ವರ್ಷ ಕೇಳಿ ಬದಲಿಸಲಿ. ಹೇಳದೆ ಮಾಡುವುದನ್ನು ಮಾತ್ರ ಬಿಡಲಿ.

ಹಿರಿಯರು: ನಾನು ಒಂದು ಮಾತು ಸೇರಿಸುತ್ತೇನೆ. ತಡೆಯುವ ಮೊದಲು ತಡೆಯುವವರೇ ಒಮ್ಮೆ ಆ ದಾರಿಯಲ್ಲಿ ನಡೆದು ನೋಡಲಿ. ಫೆಡೋರಾದವರು ನಡೆದ ಹಾಗೆ. ಕಾರ್ಖಾನೆಯಲ್ಲಿ ಹೊಸ ಸುರಕ್ಷತಾ ನಿಯಮ ತಂದಾಗ ನಾವೂ ಮೊದಲು ಯಂತ್ರಕ್ಕೆ ಗಾರ್ಡ್ ಕಟ್ಟಿಕೊಟ್ಟು, ಆಮೇಲೆ "ಗಾರ್ಡ್ ಇಲ್ಲದೆ ಯಂತ್ರ ಚಾಲೂ ಮಾಡಬಾರದು" ಎಂದು ಬೋರ್ಡ್ ಹಾಕುತ್ತಿದ್ದೆವು. ಗಾರ್ಡ್ ಕೊಡದೆ ಬೋರ್ಡ್ ಹಾಕಿದರೆ ಯಾರು ಪಾಲಿಸುತ್ತಾರೆ? ಬೋರ್ಡನ್ನೇ ಕಿತ್ತುಹಾಕುತ್ತಾರೆ.

ಕಿರಿಯಳು: ಎಲ್ಲಾ ವಾರ್ನಿಂಗುಗಳನ್ನೂ ಆರಿಸುವ ಸ್ವಿಚ್ ಹಾಕಿ ಕೂರುತ್ತಾರೆ.

ಹಿರಿಯರು: ನಮ್ಮಲ್ಲಿ ಕೆಲವರು ಹಾಕಿದ್ದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಂಜೆಯೊಳಗೆ ವರದಿ ಕೊಡಬೇಕಾದವನಿಗೆ ಸಮಯ ಕೊಡದೆ ಶಿಸ್ತು ಮಾತ್ರ ಕೊಟ್ಟರೆ ಅವನು ಶಿಸ್ತನ್ನು ಬಿಡುತ್ತಾನೆ.

ಕಿರಿಯಳು: ಅಷ್ಟು ಜನ ಕೆಲಸ ಮಾಡುವ ಲಿನಕ್ಸ್ ಕರ್ನಲ್ಲೇ 89ರ ಸಿಯಿಂದ 11ರ ಸಿಗೆ ಬಂದದ್ದು 2022ರಲ್ಲಿ, 5.18ನೇ ಆವೃತ್ತಿಗೆ. ಒಬ್ಬರೇ ಬರೆದು, ಒಬ್ಬರೇ ನೋಡಿಕೊಳ್ಳುವ ಕೋಡಿಗೆ ಎಷ್ಟು ಸಮಯ ಬೇಕು ಎಂದು ಅದರಿಂದಲೇ ಅಂದಾಜು ಮಾಡಬಹುದು. ಸರಿ ಮಾವ, ನಿಮ್ಮ ಸಹೋದ್ಯೋಗಿಗೆ ಈಗ ಏನು ಹೇಳುತ್ತೀರಿ?

ಹಿರಿಯರು: ನಾಳೆ ಬೆಳಿಗ್ಗೆ ಅವರ ಬೆಂಚ್ ನಡೆಯಬೇಕು. ಹಳೆಯ ಯಂತ್ರವನ್ನೂ ಹಳೆಯ ಕಂಪೈಲರನ್ನೂ ಇನ್ನೂ ತೆಗೆದಿಲ್ಲವಂತೆ. ಸದ್ಯಕ್ಕೆ ಅದರಲ್ಲೇ ನಡೆಸಲಿ, ಅದರ ಅಳತೆ ತಾಳೆಯಾಗಿದೆ. ಹೊಸ ಯಂತ್ರಕ್ಕೆ ನಾನೇ ತಿದ್ದಿ ಕೊಡುತ್ತೇನೆ. ಎಫ್‌ಪರ್ಮಿಸಿವ್ ಎಂದು ನೀನು ಹೇಳಿದ ಬಾಗಿಲು ಬೇಡ.

ಕಿರಿಯಳು: ಏಕೆ? ಈ ಹೊತ್ತಿಗೆ ಅದೇ ಸುಲಭ.

ಹಿರಿಯರು: ಅಂದು ದೊಡ್ಡ ಪಟ್ಟಿಗೆ ಬಿದ್ದ ಫಂಕ್ಷನನ್ನು ಮಾತ್ರ ತಿದ್ದಿ ಬಿಟ್ಟೆ. ಅಂಥವು ಇನ್ನೆಷ್ಟು ಉಳಿದಿವೆ ಎಂದು ಅಂದು ಕೇಳಬೇಕಿತ್ತು, ಕೇಳಲಿಲ್ಲ. ಇಂದು ಕಂಪೈಲರ್ ತಾನಾಗಿಯೇ ಪಟ್ಟಿ ಮಾಡಿ ಕೊಟ್ಟಿದೆ. ಬರೆದವನು ಇನ್ನೂ ಇದ್ದಾನೆ, ಕಣ್ಣೂ ಕಾಣುತ್ತದೆ. ಈ ಬಾಗಿಲು ಬರೆದವರಿಲ್ಲದ ಕೋಡಿಗೆ ಇರಲಿ. ಮೊದಲು ಮೇಕ್‌ಫೈಲ್ ತೆಗೆ.

ಕಿರಿಯಳು: ಏನು ಬರೆಯಲಿ?

ಹಿರಿಯರು: ಇದು ಯಾವ ವರ್ಷದ ಸಿ ಎಂದು ಬರೆ. ನನ್ನ ನಂತರ ತೆರೆಯುವವರು ಊಹಿಸುವಂತಾಗಬಾರದು. ಆಯಿತೇ? ಈಗ ಮೊದಲನೆಯ ಎರರಿನ ಸಾಲು ಎಷ್ಟು, ಓದು.